ಮೂರನೆಯ ಮೂಲೆ

ನಮ್ಮ ಮನೆಗೆ ಬಂದವರು ಓದಲು ಪುಸ್ತಕ ಕೇಳಿದರೆ ನಾನು ಇಲ್ಲವೆನ್ನುವುದಿಲ್ಲ. ವಾಪಸ್ಸು ಬರುವುದಿಲ್ಲವೆಂದು ಗೊತ್ತಿದ್ದೇ ಕೊಡುತ್ತೇನೆ. ಆದರೆ ಕೊಡುವ ಮುಂಚೆ ಪುಟಗಳ ನಡುವೆ ಗುರುತಿಗೆಂದು ಇಟ್ಟ ದಾರವನ್ನು ಮಾತ್ರ ಮರೆಯದೆ ಎಳೆದುಕೊಳ್ಳುತ್ತೇನೆ. ಗೇಣುದ್ದದ ಒರಟು ದಾರ ಅದು. ಒಂದು ಕಾಲಕ್ಕೆ ಅರಿಸಿನದ ಬಣ್ಣವಿತ್ತು, ಈಗ ಹಳೆಯ ಹಲ್ಲಿನ ಬಣ್ಣಕ್ಕೆ ತಿರುಗಿದೆ. ಹೋದ ವಾರ ಎದುರುಮನೆಯ ಸರೋಜಮ್ಮ ನೋಡಿ, "ಏನ್ರೀ ಅದು, ಪುಸ್ತಕ ಹೋದ್ರೂ ಪರವಾಗಿಲ್ಲ, ದಾರ ಬಿಡಲ್ಲ ಅಂತೀರಲ್ಲ" ಎಂದು ನಕ್ಕರು. ನಾನು ಏನೋ ಹೇಳಿ ಮಾತು ಹಾರಿಸಿದೆ. ಸರೋಜಮ್ಮನಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ನೀವು ಎದುರುಮನೆಯವರಲ್ಲವಲ್ಲ, ನಾಳೆ ಬೆಳಗ್ಗೆ ಹಾಲಿನವನ ಮುಂದೆ ನನ್ನ ಮುಖ ನೋಡಿ ನಗುವ ಭಯವಿಲ್ಲ.

ಗುರುತಿಗೆ ದಾರ ಇಡುವುದು ನಮ್ಮ ಮನೆತನದ ಪದ್ಧತಿಯಲ್ಲ. ನಮ್ಮಪ್ಪನದು ಕಾಗದದ ಪದ್ಧತಿ. ಅಪ್ಪ ಚಿಕ್ಕಬಳ್ಳಾಪುರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಪುಸ್ತಕದ ಹಾಳೆಯ ಕಿವಿ ಮಡಿಚುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ನಿನ್ನ ಕಿವೀನೂ ಹಿಂಗೇ ಮಡಿಚಿಟ್ರೆ ಹೆಂಗಿರುತ್ತೆ" ಎಂದು ನನ್ನ ಕಿವಿ ಹಿಡಿದು ತೋರಿಸಿಯೇ ಬಿಡುತ್ತಿದ್ದರು. ಕೈಗೆ ಸಿಕ್ಕ ರದ್ದಿ ಕಾಗದದ ಮೂಲೆಯೊಂದನ್ನು ಹರಿದು ಪುಟದ ನಡುವೆ ಸೇರಿಸುವುದು ಅವರ ಉಪಾಯ. ಹೀಗಾಗಿ ನಮ್ಮ ಮನೆಯಲ್ಲಿ ಮೂರು ಮೂಲೆಯ ಚೂರುಗಳಿಗೆ ಬರವಿರಲಿಲ್ಲ. ಪಂಚಾಂಗದೊಳಗೆ, ಅಕ್ಕಿ ಡಬ್ಬದ ಮುಚ್ಚಳದ ಮೇಲೆ, ಅಪ್ಪನ ಕೋಟಿನ ಜೇಬಿನಲ್ಲಿ, ಅಮ್ಮ ಕಸ ಬಳಿದ ಮೊರದಲ್ಲಿ, ಎಲ್ಲೆಲ್ಲೂ ಅವೇ. ಲಗ್ನಪತ್ರಿಕೆ ಬಂದರಂತೂ ಮುಹೂರ್ತ ಓದಿ ಮುಗಿಸುವುದರೊಳಗೆ ಅದರ ಅರಿಸಿನ ಹಚ್ಚಿದ ಮೂಲೆ ಹೋಗಿರುತ್ತಿತ್ತು. ಒಮ್ಮೆ ಹಾಗೆ ಹೋದ ಮೂಲೆಯಲ್ಲೇ ಛತ್ರದ ಹೆಸರಿತ್ತು. ಅಪ್ಪ ಅಮ್ಮ ಬಿಸಿಲಿನಲ್ಲಿ ಗೌರಿಬಿದನೂರಿನ ಬೀದಿ ಬೀದಿ ಅಲೆದು, ಕೊನೆಗೆ ಓಲಗದ ಸದ್ದು ಹಿಡಿದು ಮದುವೆಮನೆ ಸೇರಿದರಂತೆ. ಆ ಮದುವೆ ಬೇರೆ ಯಾರದ್ದೋ. ಊಟ ಮಾತ್ರ ಚೆನ್ನಾಗಿತ್ತು ಎಂದು ಅಪ್ಪ ಕೊನೆಯವರೆಗೂ ಹೇಳುತ್ತಿದ್ದರು.

ಅಪ್ಪನ ಈ ಅಭ್ಯಾಸ ನನಗೂ ಬಂತು. ಅವರ ಲೆಕ್ಕದ ಬುದ್ಧಿ ಬರಲಿಲ್ಲ. ನಾನು ಓದಿದ ಹೈಸ್ಕೂಲಿನ ಕೋಣೆಗೆ ಪಶ್ಚಿಮಕ್ಕೊಂದು ಕಿಟಕಿಯಿತ್ತು. ಮಧ್ಯಾಹ್ನದ ರೇಖಾಗಣಿತದ ಹೊತ್ತಿಗೆ ಅಲ್ಲಿಂದ ಬಿಸಿಲು ಇಳಿದು ನೆಲದ ಮೇಲೆ ಮೂರು ಮೂಲೆಯ ಒಂದು ಆಕಾರ ಬಿಡಿಸುತ್ತಿತ್ತು. ಮೇಷ್ಟ್ರು ಬೋರ್ಡಿನ ಮೇಲೆ ಕೋನ ಬರೆದರೆ ನಾನು ನೆಲದ ಮೇಲಿನ ಕೋನ ನೋಡುತ್ತಿದ್ದೆ. ಮೊದಲು ಅದು ಬೆಂಚಿನ ಕಾಲಿನ ಹತ್ತಿರ ಇರುತ್ತಿತ್ತು. ನೋಡನೋಡುತ್ತಲೇ ಅದರ ಮೂಲೆ ಚೂಪಾಗುತ್ತ, ನೆಲದ ಬಿರುಕು ದಾಟಿ, ನನ್ನ ಪಾದ ಮುಟ್ಟಿ, ಲಂಗದ ಅಂಚು ಹತ್ತುತ್ತಿತ್ತು. ಅದರೊಳಗೆ ಧೂಳಿನ ಕಣಗಳು ಯಾವ ಅವಸರವೂ ಇಲ್ಲದೆ ಏಳುತ್ತ ಇಳಿಯುತ್ತ ಇದ್ದವು. ಒಮ್ಮೆ ಮೇಷ್ಟ್ರು ನನ್ನ ಹೆಸರು ಹಿಡಿದು, "ತ್ರಿಕೋನದ ಮೂರು ಕೋನ ಸೇರಿದರೆ ಏನಮ್ಮ ಬರುತ್ತೆ?" ಎಂದರು. "ಬೆಚ್ಚಗಿದೆ ಸಾರ್" ಎಂದೆ. ಆಮೇಲೆ ಒಂದು ಪೀರಿಯಡ್ಡು ಕೋಣೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದೆ. ಲಂಬಕೋನವೆಂದರೇನೆಂದು ನನಗೆ ತಿಳಿದದ್ದು ಹಾಗೆ.

ಇಂಥವಳು ಎಸ್ಸೆಸ್ಸೆಲ್ಸಿ ಹೇಗೋ ದಾಟಿ, ಐವತ್ತರ ದಶಕದ ಕೊನೆಯಲ್ಲಿ ಟೀಚರಾಗಿಬಿಟ್ಟೆ. ಶಿಡ್ಲಘಟ್ಟದಿಂದ ಚಿಂತಾಮಣಿ ಕಡೆಗೆ ಹೋಗುವ ಬಸ್ಸು ಹತ್ತಿ, ನಡುವೆ ಇಳಿದು, ಹಿಪ್ಪುನೇರಳೆ ತೋಟಗಳ ಮಧ್ಯೆ ಒಂದು ಮೈಲಿ ನಡೆದರೆ ಆ ಊರು. ಹೆಸರು ಬೇಡ, ಊರಿನವರು ಓದಿಬಿಟ್ಟಾರು. ಊರಿಗೆ ಊರೇ ರೇಷ್ಮೆ ಹುಳ ಮೇಯಿಸುತ್ತಿತ್ತು. ಅಲ್ಲೇ ಒಂದು ಮನೆಯ ಮುಂಭಾಗದ ಕೋಣೆಯಲ್ಲಿ ನನ್ನ ವಾಸ. ನಾನು ಹೋಗಿ ವರ್ಷ ತುಂಬುವುದರೊಳಗೇ ಲೆಕ್ಕದ ಮೇಷ್ಟ್ರು ಟ್ರೈನಿಂಗಿಗೆ ಹೊರಟರು. ಹೆಡ್‌ಮೇಷ್ಟ್ರು ಆರನೆಯ ಕ್ಲಾಸಿನ ಜಾಮಿಟ್ರಿಯನ್ನು ನನ್ನ ತಲೆಗೆ ಕಟ್ಟಿದರು. "ಪುಸ್ತಕ ಐತೆ, ಬೋರ್ಡು ಐತೆ, ಇನ್ನೇನಮ್ಮ ಕಷ್ಟ" ಅಂದರು.

ಕಷ್ಟ ಏನೆಂದು ನನಗೆ ಗೊತ್ತಿತ್ತು. ಮಕ್ಕಳು ಏನಾದರೂ ಕೇಳಿಬಿಟ್ಟರೆ? ಅದಕ್ಕೇ ಮೊದಲನೆಯ ದಿನವೇ ಒಂದು ಕಾನೂನು ಮಾಡಿದೆ. ನಾನು ಕೇಳುವವರೆಗೆ ಯಾರೂ ಬಾಯಿ ಬಿಡಕೂಡದು. ಕೇಳಿದ್ದಕ್ಕೆ ಮಾತ್ರ ಉತ್ತರ. ಈ ಕಾನೂನಿನಿಂದ ಹೆಚ್ಚು ಒದ್ದಾಡಿದವಳು ಪಿಳ್ಳಮ್ಮ ಎಂಬ ಹುಡುಗಿ. ಎರಡನೆಯ ಬೆಂಚಿನವಳು, ನಿದ್ದೆಯಲ್ಲೂ ಮಾತಾಡುವ ಜಾತಿ. ಅವಳನ್ನು ದಿನಕ್ಕೆರಡು ಸಲ ತುಟಿಯ ಮೇಲೆ ಬೆರಳಿಡಿಸಿ ನಿಲ್ಲಿಸುತ್ತಿದ್ದೆ. ನನ್ನ ಸಿಟ್ಟು ಆಗ ಬಹಳ ಚುರುಕು. ಗೊತ್ತಿಲ್ಲದವರ ಸಿಟ್ಟು ಯಾವಾಗಲೂ ಚುರುಕೇ ಇರುತ್ತದೆ ಎಂದು ನನಗೆ ತಿಳಿಯಲು ಇನ್ನೂ ಬಹಳ ವರ್ಷ ಬೇಕಾಯಿತು.

ಆದರೂ ಒಂದು ಸಂಗತಿ ನನ್ನನ್ನು ಕಾಪಾಡಿತು. ಬೋರ್ಡಿನ ಮೇಲಿನ ಗೆರೆ ನನಗೇ ಅರ್ಥವಾಗದ ಕಾರಣ, ಕೈಗೆ ಸಿಗುವಂಥದ್ದನ್ನು ಹುಡುಕಬೇಕಾಯಿತು. ಜೋಳದ ದಂಟು ತರಲು ಹೇಳಿದೆ. ದಂಟುಗಳನ್ನು ಗೇಣುದ್ದ ಮುರಿದು, ತುದಿಗೆ ಜಾಲಿ ಮುಳ್ಳು ಚುಚ್ಚಿ ಜೋಡಿಸಿದೆವು. ನಾಲ್ಕು ದಂಟಿನ ಚೌಕ ಹಿಡಿದು ಒತ್ತಿದರೆ ಸೊಂಟ ಮುರಿದವರ ಹಾಗೆ ಒಂದು ಕಡೆಗೆ ವಾಲುತ್ತಿತ್ತು. ಐದು ದಂಟಿನದು ಇನ್ನೂ ಸೋಮಾರಿ, ಆರರದು ಎತ್ತಿದರೆ ಸಾಕು ಜೋತುಬೀಳುತ್ತಿತ್ತು. ಮೂರು ದಂಟಿನದು ಮಾತ್ರ ಎಷ್ಟು ಒತ್ತಿದರೂ ಅಲ್ಲಾಡಲಿಲ್ಲ. ಪಿಳ್ಳಮ್ಮ ಅದರ ಮೇಲೆ ಕೂತೂ ನೋಡಿದಳು. ನಾರಾಯಣಮ್ಮ ಎಂಬ ಇನ್ನೊಂದು ಹುಡುಗಿ ವಾಲುತ್ತಿದ್ದ ತನ್ನ ಚೌಕಕ್ಕೆ ಮೂಲೆಯಿಂದ ಮೂಲೆಗೆ ಅಡ್ಡ ಒಂದು ದಂಟು ಚುಚ್ಚಿದಳು. ಚೌಕ ಗಟ್ಟಿಯಾಗಿ ನಿಂತಿತು. "ಯಾರೇ ಹೇಳಿಕೊಟ್ಟಿದ್ದು?" ಅಂದೆ. "ನಮ್ಮನೇಲಿ ಹುಳದ ತಟ್ಟೆ ಇಡೋ ಅಟ್ಟಣೆಗೆ ಹಿಂಗೇ ಅಡ್ಡ ಕಟ್ಟಿರ್ತಾರೆ ಟೀಚರ್" ಅಂದಳು. ಹನ್ನೊಂದು ವರ್ಷದ ಕಪ್ಪು, ತೆಳ್ಳನೆಯ ಹುಡುಗಿ. ಅವಳ ಬೆರಳುಗಳು ಯಾವಾಗಲೂ ಸೊಪ್ಪಿನ ಹಸಿರು ಹತ್ತಿಕೊಂಡೇ ಇರುತ್ತಿದ್ದವು. ಅವತ್ತಿನಿಂದ ಅವಳು ನನ್ನ ಕಣ್ಣಿಗೆ ಬಿದ್ದಳು, ನಾನು ಅವಳ ಕಣ್ಣಿಗೆ ದೇವರಾದೆ.

ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನನಗೆ ಹುರುಪು ಏರಿತು. ತ್ರಿಕೋನದ ಮೂರು ಕೋನ ಸೇರಿದರೆ ಎರಡು ಲಂಬಕೋನ, ಅಂದರೆ ಒಂದು ನೆಟ್ಟನೆಯ ಗೆರೆ. ನನ್ನನ್ನು ಗೋಡೆಗೆ ನಿಲ್ಲಿಸಿದ ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಅಪ್ಪನ ಅಭ್ಯಾಸ ನೆನಪಾಯಿತು. ಕಾಗದದ ತ್ರಿಕೋನದ ಮೂರೂ ಮೂಲೆ ಹರಿದು ಪಕ್ಕ ಪಕ್ಕ ಇಟ್ಟರೆ ಗೆರೆ ತಾನೇ ಕಾಣುತ್ತದಲ್ಲ. ಒಂದು ದಿನ ಇರುಳೂಟ ಬಿಟ್ಟು ನಾಲ್ಕಾರು ತ್ರಿಕೋನ ಹರಿದು ನೋಡಿದೆ. ಪ್ರತಿ ಸಲವೂ ಗೆರೆ ಬಂತು. ಬೆಚ್ಚಗೆನಿಸಿತು, ನಿಜವಾಗಿ. ಆದರೆ ಇಪ್ಪತ್ತು ಮಕ್ಕಳಿಗೆ ಹರಿಯಲು ದಪ್ಪ ಕಾಗದ ಎಲ್ಲಿಂದ ತರುವುದು? ಕ್ಲಾಸಿನಲ್ಲಿ ಕೇಳಿದೆ. ಸಂಜೆ ನಾರಾಯಣಮ್ಮ ಏದುಸಿರು ಬಿಡುತ್ತ ಓಡಿಬಂದು, ಸುರುಳಿ ಸುತ್ತಿದ ಒಂದು ಹಾಳೆ ಕೈಗಿಟ್ಟು, "ಮೊಟ್ಟೆ ಹಾಳೆ ಟೀಚರ್, ಹಳೇದು, ಹುಳ ಆಗೋಗಿದೆ" ಎಂದು ಹೇಳಿ ಹಾಗೇ ಓಡಿಹೋದಳು.

ಮೊಟ್ಟೆ ಹಾಳೆಯೆಂದರೆ ಏನೆಂದು ಹೇಳದಿದ್ದರೆ ನಿಮಗೆ ಮುಂದಿನದು ತಿಳಿಯದು. ರೇಷ್ಮೆ ಚಿಟ್ಟೆಯನ್ನು ದಪ್ಪ ಹಾಳೆಯ ಮೇಲೆ ಬಿಟ್ಟು ಬೋಗುಣಿಯಂಥದ್ದು ಮುಚ್ಚುತ್ತಾರೆ. ಅದು ಒಳಗೇ ಸುತ್ತಿ ಸುತ್ತಿ, ಸಾಸಿವೆಗಿಂತ ಸಣ್ಣ ಮೊಟ್ಟೆಗಳನ್ನು ದುಂಡಗೆ ಇಟ್ಟು ಮುಗಿಸುತ್ತದೆ. ಒಂದು ಹಾಳೆಯಲ್ಲಿ ಇಂಥ ಹತ್ತಿಪ್ಪತ್ತು ದುಂಡುಗಳಿರುತ್ತವೆ. ಮೊಟ್ಟೆ ಮಾರುವ ಸರ್ಕಾರಿ ಬಿತ್ತನೆ ಕೋಠಿಯಿಂದ ಹಾಳೆ ತಂದು ಕತ್ತಲೆ ಕೋಣೆಯಲ್ಲಿ ಜೋಪಾನ ಮಾಡಿದರೆ ಹತ್ತು ಹನ್ನೊಂದು ದಿನಕ್ಕೆ ಹುಳ ಹೊರಬರುತ್ತದೆ. ಹುಳ ಹೋದ ಮೇಲೆ ಹಾಳೆಯ ಮೇಲೆ ಬಿಳಿ ಸಿಪ್ಪೆ ಉಳಿಯುತ್ತದೆ. ಹುಳ ಇನ್ನೂ ಬರದ ಮೊಟ್ಟೆಯೂ ಮೊದಮೊದಲು ಹೆಚ್ಚು ಕಡಿಮೆ ಅದೇ ಬಣ್ಣ. ಗೊತ್ತಿದ್ದವರಿಗೆ ನೋಡಿದ ಕೂಡಲೇ ತಿಳಿಯುತ್ತದೆ. ನನಗೆ ತಿಳಿಯುವಂತಿರಲಿಲ್ಲ. ನಾನು ತಾಲ್ಲೂಕು ಕಚೇರಿಯ ಗುಮಾಸ್ತರ ಮಗಳು, ರೇಷ್ಮೆಯನ್ನು ಸೀರೆಯಾದ ಮೇಲೆ ಮಾತ್ರ ನೋಡಿದವಳು.

ಆ ಸಂಜೆ ಕೋಣೆಯ ಹೊಸ್ತಿಲ ಮೇಲೆ ಕೂತು ಹಾಳೆ ಕತ್ತರಿಸಿದೆ. ಒಂದು ಚೂರೂ ಹಾಳಾಗಬಾರದೆಂದು ಮೊದಲು ಚೌಕಗಳಾಗಿ, ಆಯಗಳಾಗಿ, ವಾಲಿದ ಚೌಕಗಳಾಗಿ ಕೊಯ್ದು, ಆಮೇಲೆ ಪ್ರತಿಯೊಂದನ್ನೂ ಮೂಲೆಯಿಂದ ಮೂಲೆಗೆ ಸೀಳಿದೆ. ಚೂಪಾದವು, ಮೋಟಾದವು, ಉದ್ದ ಮೂತಿಯವು, ಎಲ್ಲ ಬಗೆಯ ತ್ರಿಕೋನಗಳು ಮಡಿಲು ತುಂಬಿದವು. ಕತ್ತರಿ ಆಡುವಾಗ ರವೆ ಸಿಡಿದ ಹಾಗೆ ಸಣ್ಣ ಸದ್ದು ಬರುತ್ತಿತ್ತು. ಹೊರಗೆ ತೋಟಗಳ ಮೇಲೆ ಬೆಳಕು ಹಳದಿಯಾಗಿ ನಿಂತಿತ್ತು. ಯಾರೋ ಸೊಪ್ಪಿನ ಹೊರೆ ಹೊತ್ತು ಹೋಗುತ್ತಿದ್ದರು. ನನ್ನ ಜೀವಮಾನದಲ್ಲಿ ನಾನು ಅಷ್ಟು ಸಂತೋಷವಾಗಿದ್ದ ಸಂಜೆಗಳು ಕಡಿಮೆ, ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮರುದಿನ ಕ್ಲಾಸಿನಲ್ಲಿ ತ್ರಿಕೋನಗಳನ್ನು ಹಂಚಿದೆ. ಮೊದಲು ನನ್ನದನ್ನು ತೋರಿಸಿದೆ. ಮೂರೂ ಮೂಲೆ ಹರಿದು ಮೇಜಿನ ಮೇಲೆ ಇಟ್ಟರೆ ನೆಟ್ಟನೆಯ ಗೆರೆ. "ಈಗ ನೀವು ಹರೀರಿ" ಅಂದೆ. ಯಾರೂ ಹರಿಯಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದರು. ಪಿಳ್ಳಮ್ಮ ಕೈ ಎತ್ತಿದಳು. "ನಾನು ಕೇಳಿದ್ನಾ? ಕೂತ್ಕೊ" ಅಂದೆ. ಕೂತಳು. ಒಬ್ಬೊಬ್ಬರಾಗಿ ಹರಿಯತೊಡಗಿದರು, ಬಹಳ ನಿಧಾನವಾಗಿ. ನಾರಾಯಣಮ್ಮ ಮಾತ್ರ ತನ್ನ ತ್ರಿಕೋನದ ಮೇಲೆ ಅಂಗೈ ಮುಚ್ಚಿ ಕೂತಿದ್ದಳು. ನನ್ನ ಮುದ್ದಿನ ಹುಡುಗಿಯೇ ಹೀಗೆ ಮಾಡಿದರೆ ಸಿಟ್ಟು ಬಾರದೆ? ಹತ್ತಿರ ಹೋಗಿ ನಿಂತು, "ಹರಿ" ಅಂದೆ. ಅವಳು ಹರಿದಳು. ಕಣ್ಣಿಂದ ನೀರು ಪಟಪಟ ಬಿತ್ತು. ಗದರಿದ್ದಕ್ಕೆ ಅಳುತ್ತಾಳೆ ಎಂದುಕೊಂಡೆ.

ಎಲ್ಲರ ಡೆಸ್ಕಿನ ಮೇಲೂ ಗೆರೆಗಳು ಬಂದವು. ಎಲ್ಲವೂ ನೆಟ್ಟಗೆ. ನಾನು ಗೆದ್ದವಳ ದನಿಯಲ್ಲಿ, "ಏನು ತಿಳೀತು? ಈಗ ಹೇಳಿ ನೋಡೋಣ" ಅಂದೆ.

ಪಿಳ್ಳಮ್ಮ ಎದ್ದು ನಿಂತಳು. "ಟೀಚರ್, ಇದು ಹಳೇದಲ್ಲ. ಜೀವ ಐತೆ. ನಾಡಿದ್ದು ಹುಳ ಬರುತ್ತೆ" ಅಂದಳು.

ಒಂದು ಚೂರು ತಿರುಗಿಸಿ ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದಳು. ಸಣ್ಣ ಮೊಟ್ಟೆಗಳೊಳಗೆ ಒಂದೊಂದು ಕಪ್ಪು ಚುಕ್ಕೆ ಇತ್ತು. "ಮೊದ್ಲೇ ಯಾಕೆ ಹೇಳ್ಲಿಲ್ಲ?" ಅಂದೆ. "ನೀವು ಕೇಳ್ಲಿಲ್ಲ ಟೀಚರ್" ಅಂದಳು. ಅದರಲ್ಲಿ ಕುಚೋದ್ಯವೇನೂ ಇರಲಿಲ್ಲ. ಇನ್ನೊಬ್ಬ, "ಟೀಚರಿಗೆ ಗೊತ್ತಿದ್ದೇ ಹೇಳ್ತಾರೆ ಅಂದ್ಕೊಂಡ್ವಿ" ಅಂದ. ಹುಳ ಮೇಯಿಸುವ ಮನೆಗಳ ಇಪ್ಪತ್ತು ಮಕ್ಕಳು, ಜೀವವಿರುವ ಮೊಟ್ಟೆ ಎಂದು ಗೊತ್ತಿದ್ದೂ ನಾನು ಹೇಳಿದೆನೆಂದು ಹರಿದಿದ್ದರು. ಮುಂದೆ ಎಷ್ಟೋ ಇನ್‌ಸ್ಪೆಕ್ಟರುಗಳು ನನ್ನ ಕ್ಲಾಸಿನ ಶಿಸ್ತನ್ನು ಹೊಗಳಿ ಬರೆದರು. ಆ ಮಾತು ಬಂದ ಹಾಳೆಯನ್ನು ನಾನು ಮಡಿಚಿ ಪಕ್ಕಕ್ಕಿಟ್ಟುಬಿಡುತ್ತಿದ್ದೆ.

ನಾರಾಯಣಮ್ಮ ಬಿಕ್ಕುತ್ತ ಹೇಳಿದಳು. ಕತ್ತಲೆ ಕೋಣೆಯಲ್ಲಿ ಅಟ್ಟದ ಮೇಲಿನ ಹಳೆಯ ಹಾಳೆ ಎಂದು ಅವಸರದಲ್ಲಿ ಎಳೆದದ್ದು, ಹಗ್ಗಕ್ಕೆ ನೇತುಹಾಕಿದ್ದ ಹೊಸ ಹಾಳೆ. ಅವರ ಮನೆಯಲ್ಲಿ ಈ ಬೆಳೆಗೆ ತಂದದ್ದೇ ಎರಡು ಹಾಳೆ. "ಅಜ್ಜಿಗೆ ಗೊತ್ತಾದ್ರೆ ಇಸ್ಕೂಲು ಬಿಡಿಸ್ತಾರೆ ಟೀಚರ್. ಹುಳದ ಕೆಲ್ಸಕ್ಕೆ ತೊಂದ್ರೆ ಆಗದಿದ್ರೆ ಮಾತ್ರ ಹೋಗು ಅಂದವ್ರೆ."

ನಾನು ನೆಲದ ಮೇಲೆ ಕೂತುಬಿಟ್ಟೆ. ಕುರ್ಚಿಯಲ್ಲಿ ಕೂರುವ ಮುಖ ಇರಲಿಲ್ಲ. ಎರಡು ಹಳೆಯ ಪೇಪರು ಹಾಸಿ, "ಜೋಡಿಸೋಣ" ಅಂದೆ. ಪಿಳ್ಳಮ್ಮ ಓಡಿಹೋಗಿ ಮನೆಯಿಂದ ಒಂದು ಲೋಟ ರಾಗಿ ಗಂಜಿ ತಂದಳು, ಗಟ್ಟಿಯಾಗಿ, ಅಂಟಾಗಿ. ಚೂರುಗಳ ಬೆನ್ನಿಗೆ ಅದನ್ನು ತೆಳ್ಳಗೆ ಸವರಿ, ಮೊಟ್ಟೆಯ ಮಗ್ಗುಲು ಮೇಲೆ ಮಾಡಿ ಇಡತೊಡಗಿದೆವು. ಅವತ್ತು ಮಧ್ಯಾಹ್ನ ಮಿಕ್ಕ ಪಾಠ ನಡೆಯಲಿಲ್ಲ. ಹೆಂಚಿನ ಸಂದಿನಿಂದ ಬಿಸಿಲು ಇಳಿದು ನಮ್ಮ ಪೇಪರಿನ ಮೇಲೆ ಸರಿಯುತ್ತಿತ್ತು. ಇಪ್ಪತ್ತು ತಲೆಗಳು ಅದರ ಸುತ್ತ. "ಇಲ್ಲಿಗೆ ಇನ್ನೊಂಚೂರು ಚೂಪು ಮೂಲೆ ಬೇಕು." "ಇದು ಅಗಲ ಆಯ್ತು." "ಇಲ್ಲಿ ಆರು ಮೂಲೆ ಸೇರಿದ್ರೆ ಸುತ್ತಾ ತುಂಬ್ಕೊಳುತ್ತೆ ನೋಡು." ನಾನು ಒಂದು ತಿಂಗಳು ಬಾಯಿ ಹರಿದುಕೊಂಡು ಹೇಳಿದ ಲಘುಕೋನ, ವಿಶಾಲಕೋನ ಎಲ್ಲ ಆ ಮಕ್ಕಳ ಬೆರಳ ತುದಿಯಲ್ಲಿ ಓಡಾಡುತ್ತಿದ್ದವು. ಯಾರಿಗೂ ಸುಮ್ಮನಿರು ಎಂದು ನಾನು ಹೇಳಲಿಲ್ಲ. ಆ ಮಧ್ಯಾಹ್ನ ಈಗಲೂ ನನ್ನ ಕನಸಿಗೆ ಬರುತ್ತದೆ. ಕನಸಿನಲ್ಲಿ ಹಾಳೆ ಪೂರ್ತಿಯಾಗುತ್ತದೆ.

ನಿಜದಲ್ಲಿ ಆಗಲಿಲ್ಲ. ಕೊನೆಗೆ ಒಂದು ಮೂಲೆಯಷ್ಟು ಜಾಗ ಖಾಲಿ ಉಳಿಯಿತು. ಅದು ನಾನು ಹರಿದು ತೋರಿಸಿದ ತ್ರಿಕೋನದ್ದು. ಅದರ ಎರಡು ಮೂಲೆ ಇದ್ದವು, ಮೂರನೆಯದು ಇರಲಿಲ್ಲ. ಬೆಂಚಿನ ಕೆಳಗೆ, ಕಸದಲ್ಲಿ, ಮಕ್ಕಳ ಚೀಲಗಳಲ್ಲಿ, ನನ್ನ ಸೆರಗಿನಲ್ಲಿ, ಎಲ್ಲ ಹುಡುಕಿದೆವು. ಸಿಗಲಿಲ್ಲ. ಆ ಖಾಲಿ ಜಾಗದ ಅಂಚನ್ನೂ, ಇದ್ದ ಎರಡು ಮೂಲೆಗಳ ಕೋನವನ್ನೂ ಅಳೆದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡೆ. ಯಾಕೆಂದು ಆಗ ನನಗೇ ಗೊತ್ತಿರಲಿಲ್ಲ.

ನಾರಾಯಣಮ್ಮನ ಅಜ್ಜಿಯ ಹೆಸರು ಅಕ್ಕಯ್ಯಮ್ಮ. ಆ ಮನೆಯಲ್ಲಿ ಹುಳದ ವಿಷಯಕ್ಕೆ ಅವರ ಮಾತೇ ಕೊನೆ, ಮಗ ಸೊಸೆ ಎದುರಾಡುತ್ತಿರಲಿಲ್ಲ. ಹುಳವಿದೆ, ಹೊರಗಿನವರು ಬರಬಾರದು ಎಂಬ ಗುರುತಿಗೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು. ಆ ಸಂಜೆ ಹಾಳೆಯನ್ನು ನಾನೇ ತೆಗೆದುಕೊಂಡು ಹೋಗಿ, ಹೊರಗೇ ನಿಂತು ಚಾಚಿದೆ. ಅಜ್ಜಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಬಹಳ ಹೊತ್ತು ನೋಡಿದರು.

"ಯಾರಮ್ಮ ಜೋಡಿಸಿದ್ದು?"

"ಮಕ್ಕಳು."

"ಕತ್ತರಿಸಿದ್ದು?"

"ನಾನು."

"ಏಮಮ್ಮಾ, ಓದಿದೋರು" ಎಂದರು. ಅಷ್ಟೇ. ಬೈದಿದ್ದರೆ ನನಗೆ ಸಲೀಸಾಗುತ್ತಿತ್ತು. "ನಾಡಿದ್ದು ಬೆಳಿಗ್ಗೆ ಬಾ. ಏನಾಯ್ತದೋ ನೋಡಣ" ಎಂದು ಒಳಗೆ ಹೋದರು.

ಆ ಬೆಳಿಗ್ಗೆ ಕಾಫಿಯನ್ನೂ ಕುಡಿಯದೆ ಹೋದೆ. ಅಜ್ಜಿ ಕಾಲು ತೊಳೆಸಿ ಒಳಗೆ ಕರೆದರು. ತಟ್ಟೆಯ ಮೇಲಿನ ಕಪ್ಪು ಬಟ್ಟೆ ತೆಗೆದರು. ನನ್ನ ತೇಪೆಯ ಹಾಳೆಯ ಮೇಲೆ ಹುಳ ಎದ್ದಿದ್ದವು. ಕಪ್ಪು ದಾರದ ಚೂರಿನಂಥ ಸಣ್ಣ ಜೀವಗಳು, ನೂರಾರು, ನಾನು ಕೊಯ್ದ ಗೆರೆಗಳನ್ನೆಲ್ಲ ಲೆಕ್ಕಕ್ಕೇ ಇಡದೆ ಈ ತ್ರಿಕೋನದಿಂದ ಆ ತ್ರಿಕೋನಕ್ಕೆ ಹರಿಯುತ್ತಿದ್ದವು. ಗೆರೆಯ ಮೇಲಿದ್ದ ಮೊಟ್ಟೆಗಳು ಸತ್ತಿದ್ದವು, ಮಿಕ್ಕವು ಉಳಿದಿದ್ದವು. ನಾರಾಯಣಮ್ಮ ಕೋಳಿ ಪುಕ್ಕದಿಂದ ಹುಳವನ್ನು ಮೆಲ್ಲಗೆ ಸರಿಸುತ್ತಿದ್ದಳು. ನನಗೆ ಕಣ್ಣು ತುಂಬಿತು. ಅಜ್ಜಿ ಖಾಲಿ ಜಾಗದ ಮೇಲೆ ಬೆರಳಿಟ್ಟರು.

"ಈ ಮೂಲೆ ಎಲ್ಲಮ್ಮ?"

"ಸಿಕ್ಕಲಿಲ್ಲ ಅಜ್ಜಿ."

"ಮೇಯಿಸ್ತೀವಿ ಅಂತ ಮನೆಗೆ ತಂದ ಮೇಲೆ ಉಪಾಸ ಹಾಕ್ಬಾರ್ದು. ಹಂಗೆ ಹಾಕಿದ ಮನೇಲಿ ಹುಳ ಏಳ್ಗೆ ಆಗಲ್ಲ. ಹುಡುಕು. ಅದು ಸಿಕ್ಕೋಗಂಟ ನಾರಾಯಣಿ ಇಲ್ಲೇ ಸೊಪ್ಪು ಹೆಚ್ಚಲಿ."

ಎರಡು ದಿನ ಅವಳ ಜಾಗ ಖಾಲಿ ಇತ್ತು. ಪಿಳ್ಳಮ್ಮ ಕೂಡ ಮಾತು ಕಡಿಮೆ ಮಾಡಿದಳು. ನಾನು ಜಾಮಿಟ್ರಿಯ ಸುದ್ದಿಗೇ ಹೋಗದೆ ಬರೀ ಬಾಯಿಲೆಕ್ಕ ಹೇಳಿಸಿದೆ. ಮೂರನೆಯ ದಿನ ಪಿಳ್ಳಮ್ಮ ಗುಟ್ಟಾಗಿ ಬಂದು, "ಟೀಚರ್, ನಮ್ಮನೇಲಿ ಹಳೇ ಹಾಳೆ ಐತೆ. ನಿಜ್ವಾಗ್ಲೂ ಹಳೇದು. ಅದರಲ್ಲೊಂದು ಮೂಲೆ ಹರಿದು ಕೊಟ್ರೆ ಅಜ್ಜಿಗೆ ಗೊತ್ತಾಗಲ್ಲ" ಅಂದಳು. ನಾನು ಗದರಬೇಕಾಗಿತ್ತು. ಗದರಲಿಲ್ಲ. ಹುಡುಗಿ ಶಾಲೆಗೆ ಬಂದರೆ ಸಾಕಿತ್ತು ನನಗೆ, ನನ್ನ ಮಾನವೂ ಉಳಿದರೆ ಇನ್ನೂ ಒಳ್ಳೆಯದಿತ್ತು.

ಚೀಟಿ ತೆಗೆದೆ. ಆ ತ್ರಿಕೋನದ ಒಂದು ಮೂಲೆ ಲಂಬಕೋನ, ಇನ್ನೊಂದು ಐವತ್ತು ಡಿಗ್ರಿ. ಎರಡು ಲಂಬಕೋನದಿಂದ ಅವೆರಡನ್ನೂ ಕಳೆದೆ. ನಲವತ್ತು. ನಗಬೇಡಿ, ಆ ಪ್ರಮೇಯವನ್ನು ನಾನು ಜೀವನದಲ್ಲಿ ಮೊದಲನೆಯ ಸಲ ನಿಜವಾದ ಕೆಲಸಕ್ಕೆ ಬಳಸಿದ್ದು ಒಬ್ಬ ಮುದುಕಿಗೆ ಮೋಸ ಮಾಡಲು. ಕೋನಮಾಪಕ ಇಟ್ಟು ನಲವತ್ತು ಗೀಚಿ, ಅಂಚು ಕತ್ತರಿಸಿ, ಹರಿದ ಕಡೆಯನ್ನು ಕೈಯಿಂದಲೇ ಹರಿದೆ. ಸೊಗಸಾಗಿ ಬಂತು.

ಅಜ್ಜಿ ಹುಳ ತೆಗೆದ ಆ ಹಾಳೆಯನ್ನು ಗೋಡೆಗೆ ಸಿಕ್ಕಿಸಿದ್ದರು. ನನ್ನ ಚೂರನ್ನು ಖಾಲಿ ಜಾಗಕ್ಕೆ ಇಟ್ಟು ನೋಡಿದರು. ಕೂದಲೆಳೆಯಷ್ಟೂ ಸಂದು ಬಿಡದೆ ಕೂತುಕೊಂಡಿತು. ನನಗೆ ಒಳಗೊಳಗೇ ಹೆಮ್ಮೆಯೂ ಆಯಿತು, ನೋಡಿ ನನ್ನ ಬುದ್ಧಿ.

"ಮೂಲೆ ಸರಿಯಾಗಿ ಕೂತೈತೆ" ಅಂದರು ಅಜ್ಜಿ. ಆಮೇಲೆ ಬೆರಳಿನಿಂದ ಒಂದು ಸುತ್ತು ಎಳೆದು ತೋರಿಸಿದರು. "ಆದ್ರೆ ಚಿಟ್ಟೆ ದುಂಡಗೆ ಇಡ್ತದಲ್ಲಮ್ಮ. ಇಲ್ಲಿ ದುಂಡು ಸೇರ್ತಾ ಇಲ್ಲ. ಇದು ಬೇರೆ ಚಿಟ್ಟೇದು."

ಹಾಳೆಯ ಮೇಲಿನ ಅರ್ಧ ವೃತ್ತ ನನ್ನ ಚೂರಿನ ಅಂಚಿಗೆ ಬಂದು ನಿಂತುಹೋಗಿತ್ತು. ನನ್ನ ಚೂರಿನ ಮೇಲೆ ಬೇರೊಂದು ವೃತ್ತ ಬೇರೆಲ್ಲೋ ಶುರುವಾಗಿತ್ತು. ನಾನು ಮೂಲೆಗಳನ್ನು ಮಾತ್ರ ನೋಡಿದ್ದೆ. ಅಲ್ಲೇ ಸೊಪ್ಪು ಹೆಚ್ಚುತ್ತ ಕೂತಿದ್ದ ನಾರಾಯಣಮ್ಮ ತಲೆಯೆತ್ತಿ ನನ್ನನ್ನು ನೋಡಿದಳು, ಮತ್ತೆ ತಲೆ ತಗ್ಗಿಸಿದಳು. ಆ ನೋಟವನ್ನು ನಾನು ಮರೆತಿಲ್ಲ. ದೇವರ ಪಟ ಗೋಡೆಯಿಂದ ಬಿದ್ದದ್ದನ್ನು ನೋಡಿದ ಹಾಗಿತ್ತು. ಅಜ್ಜಿ ಆ ಚೂರನ್ನು ನನ್ನ ಕೈಗೆ ವಾಪಸ್ಸು ಕೊಟ್ಟರು.

ಕೋಣೆಗೆ ಬಂದೆ. ಕೆಲಸ ಬಿಟ್ಟು ಚಿಕ್ಕಬಳ್ಳಾಪುರಕ್ಕೆ ಹೋಗಿಬಿಡೋಣವೆನ್ನಿಸಿತು. ಟ್ರಂಕಿಗೆ ಬಟ್ಟೆ ತುಂಬಿ, ಸ್ಕೂಲಿನ ಪುಸ್ತಕಗಳನ್ನು ವಾಪಸ್ಸು ಮಾಡಲು ಬೇರೆ ಇಟ್ಟೆ. ಜಾಮಿಟ್ರಿ ಪುಸ್ತಕ ಎತ್ತಿದಾಗ ಅದರ ಪುಟಗಳ ನಡುವೆ ಏನೋ ಉಬ್ಬಿದಂತೆ ಕಂಡಿತು. ತೆಗೆದೆ. ತ್ರಿಕೋನದ ಪಾಠದ ಪುಟದಲ್ಲಿ, ಗುರುತಿಗೆಂದು, ಅಚ್ಚುಕಟ್ಟಾಗಿ ಇಟ್ಟಿತ್ತು ಆ ಮೂರನೆಯ ಮೂಲೆ. ಹರಿದು ತೋರಿಸಿದವಳು ಮಾತಾಡುತ್ತ ಮಾತಾಡುತ್ತ ಅಪ್ಪನ ಮಗಳಾಗಿಬಿಟ್ಟಿದ್ದೆ. ಪುಟದ ಮೇಲೆಲ್ಲ ಸಣ್ಣ ಸಣ್ಣ ಕಪ್ಪು ಗೀಟುಗಳಿದ್ದವು. ಕೆಲವು ತ್ರಿಕೋನದ ಗೆರೆ ಹಿಡಿದು ಅಂಚಿನವರೆಗೂ ಹೋಗಿದ್ದವು, ಸೊಪ್ಪು ಹುಡುಕಿಕೊಂಡು. ಒಂದೂ ಅಲುಗಲಿಲ್ಲ. ನಾನು ಅತ್ತೆ.

ಅದನ್ನು ಯಾರಿಗೂ ತೋರಿಸದೆ ಒಲೆಗೆ ಹಾಕಬಹುದಾಗಿತ್ತು. ಪುಸ್ತಕವನ್ನು ಹಾಗೇ ತೆರೆದು, ಎರಡೂ ಕೈಯಲ್ಲಿ ಹಿಡಿದು ಮತ್ತೆ ಆ ಮನೆಗೆ ನಡೆದೆ. ಗಾಳಿಗೆ ಹಾರಬಾರದೆಂದು ಸೆರಗು ಮುಚ್ಚಿದ್ದೆ. ಅಜ್ಜಿ ಜಗಲಿಯ ಮೇಲೆ ಕೂತಿದ್ದರು.

"ನಾನೇ ಪುಸ್ತಕದಲ್ಲಿ ಇಟ್ಟಿದ್ದೆ ಅಜ್ಜಿ. ನೋಡದೆ ಇಟ್ಟೆ. ಆಮೇಲೆ ಸುಳ್ಳು ಮೂಲೆ ತಂದೆ" ಅಂದೆ.

ಅಜ್ಜಿ ಪುಟ ನೋಡಿದರು. ಎದ್ದು, ಆ ಚೂರನ್ನೂ ಪುಟದ ಮೇಲಿನ ಹುಳಗಳನ್ನೂ ಪುಕ್ಕದಿಂದ ಒಂದು ಸೊಪ್ಪಿನ ಎಲೆಗೆ ಸರಿಸಿಕೊಂಡು, ಹಿತ್ತಲಿನ ಹಿಪ್ಪುನೇರಳೆ ಗಿಡದ ಬುಡದಲ್ಲಿ ಮಣ್ಣು ಕೆದಕಿ ಮುಚ್ಚಿದರು. ಕೈ ಒರೆಸಿಕೊಳ್ಳುತ್ತ ಬಂದು, "ಇದನ್ನ ಬಚ್ಚಿಟ್ಟಿದ್ರೆ ನಂಗೇನಮ್ಮ ಗೊತ್ತಾಗ್ತಿತ್ತು" ಅಂದರು. ಆಮೇಲೆ, "ನಾರಾಯಣಿ ನಾಳೆ ಬರ್ತಾಳೆ, ಹೋಗು" ಅಂದರು.

ಮರುದಿನ ಬಂದಳು. ಎರಡು ಮೂರು ದಿನ ನನ್ನ ಮುಖ ನೋಡಲಿಲ್ಲ. ನಾನು ಕಾನೂನು ತೆಗೆದುಹಾಕಿದ್ದೆ. ಪಾಠ ಶುರುಮಾಡುವ ಮೊದಲು, "ಯಾರಿಗಾದರೂ ಏನಾದರೂ ಹೇಳೋದಿದೆಯಾ?" ಎಂದು ಕೇಳಿ ಕಾಯುತ್ತಿದ್ದೆ. ಪಿಳ್ಳಮ್ಮನಿಗೆ ದಿನವೂ ಇರುತ್ತಿತ್ತು. ಒಂದು ದಿನ ನಾರಾಯಣಮ್ಮ ಕೈ ಎತ್ತಿದಳು. ಹುಳಕ್ಕೆ ಎರಡನೆಯ ಜ್ವರ, ಅಂದರೆ ಪೊರೆ ಬಿಡುವ ಹೊತ್ತು, ಆಗ ಅದು ಮೇವು ಬಿಟ್ಟು ತಲೆಯೆತ್ತಿ ಅಲ್ಲಾಡದೆ ನಿಂತಿರುತ್ತದಂತೆ. "ಕೋನಮಾಪಕ ಇಟ್ಟು ನೋಡ್ದೆ ಟೀಚರ್. ಒಂದೊಂದು ಹುಳ ಒಂದೊಂದು ಥರ ಎತ್ತಿರುತ್ತೆ. ನಲವತ್ತು ಎತ್ತಿರೋದೂ ಐತೆ" ಅಂದಳು. ಆಮೇಲೆ ನಕ್ಕಳು.

ತಿಂಗಳು ಕಳೆದು ಗೂಡು ಬಿಡಿಸಿದ ಮೇಲೆ ಅವಳೇ ಒಂದು ಸಂಜೆ ಬಂದು ಗೇಣುದ್ದದ ಹಳದಿ ದಾರ ಕೊಟ್ಟಳು. ಚಿಟ್ಟೆ ಕೊರೆದು ಹೊರಟುಹೋದ ಒಂದೆರಡು ಗೂಡನ್ನು ಬೇಯಿಸಿ ಅಜ್ಜಿ ತೊಡೆಯ ಮೇಲೆ ಹೊಸೆದದ್ದು.

"ಪುಸ್ತಕದಾಗೆ ಗುರ್ತಿಗೆ ಇದನ್ನ ಮಡಿಕ್ಕೋಬೇಕಂತೆ ಟೀಚರ್. ಕಾಗದ ಬೇಡವಂತೆ. ಇಡ್ಲೇಬೇಕು ಅಂದ್ರೆ ತಿರುಗಿಸಿ ಹಿಂದ್ಗಡೆ ನೋಡಿ ಇಡ್ಬೇಕಂತೆ."

ಸರೋಜಮ್ಮ ಪುಸ್ತಕ ಒಯ್ದಿದ್ದಾರೆ, ದಾರ ನನ್ನ ಹತ್ತಿರವೇ ಇದೆ. ಇವತ್ತಿಗೂ ನನ್ನ ಕೈಗೆ ಬಸ್ ಟಿಕೆಟ್ಟೇ ಬರಲಿ, ಲಗ್ನಪತ್ರಿಕೆಯೇ ಬರಲಿ, ಮೊದಲು ತಿರುಗಿಸಿ ಹಿಂಬದಿ ನೋಡುತ್ತೇನೆ.